ಚಾ ಒಲ್ಲದವರು

ಚಹಾ, ಕಾಫಿ ಸೇರದಿರುವುದು ನಾಲಿಗೆಯ ವಿಷಯ. ಆದರೆ ಅದು ನಾಲಿಗೆಯಲ್ಲೇ ಮುಗಿಯುವುದಿಲ್ಲ. ವಿಜಯಪುರದಲ್ಲಾಗಲಿ, ತಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳಲ್ಲಾಗಲಿ, ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವ ವಾಡಿಕೆ ಇಲ್ಲ. ‘ಚಾ ಕುಡದು ಹೋಗ್ರಿ’ ಎಂಬುದು ಅಲ್ಲಿ ಆದರ. ‘ಚಾ ಸುದ್ದಾ ಕೇಳಲಿಲ್ಲ’ ಎಂಬುದು ವರ್ಷಗಟ್ಟಲೆ ನೆನಪಿಡುವ ದೂರು. ಕನ್ಯೆ ನೋಡಲು ಬಂದವರ ಮುಂದೆ, ಒಣದ್ರಾಕ್ಷಿಯ ವ್ಯವಹಾರ ಕುದುರಿದ ಮೇಲೆ, ಬದುವಿನ ತಕರಾರು ಬಗೆಹರಿದ ಮೇಲೆ, ಎಲ್ಲ ಕಡೆಯೂ ಕಪ್ಪು-ಬಸಿ ಬರಲೇಬೇಕು. ಇಂಥ ಕಡೆ ‘ನನಗ ಚಾ ಸೇರಂಗಿಲ್ಲರಿ’ ಎಂದವನ ಮಾತನ್ನು ಯಾರೂ ಇದ್ದಂತೆ ತೆಗೆದುಕೊಳ್ಳುವುದಿಲ್ಲ. ವ್ರತ ಇರಬೇಕು, ಪಿತ್ತ ಇರಬೇಕು, ಸಕ್ಕರೆ ಕಾಯಿಲೆ ಇರಬೇಕು, ಇಲ್ಲವೆ ಮುನಿಸಿರಬೇಕು ಎಂದು ಕಾರಣ ಹುಡುಕುತ್ತಾರೆ. ಹುಡುಕಿ ಹುಡುಕಿ ಕೊನೆಗೆ ಜಾತಿಗೂ ಬರುತ್ತಾರೆ. ಬರೀ ಅರುಚಿ ಎಂಬ ಕಾರಣ ಅವರಿಗೆ ಸಾಲುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಈ ಸೀಮೆಯಲ್ಲಿ ಚಹಾವೂ ಬೆಳೆಯುವುದಿಲ್ಲ, ಕಾಫಿಯೂ ಬೆಳೆಯುವುದಿಲ್ಲ. ಇದು ಜೋಳ, ತೊಗರಿ, ದ್ರಾಕ್ಷಿಯ ನೆಲ. ಕಾಫಿ ಬೀಜವನ್ನು ಯೆಮನ್ನಿನಿಂದ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಸೂಫಿ ಸಂತರೆಂಬುದು ಪ್ರತೀತಿ. ಚಹಾ ಭಾರತದ ಮನೆಮನೆಗೆ ಬಂದದ್ದು ಅದಕ್ಕಿಂತ ಎಷ್ಟೋ ತಡವಾಗಿ. 1903ರ ಚಹಾ ಕರ ಕಾಯ್ದೆಯಿಂದ ಕೂಡಿದ ಹಣದಲ್ಲಿ ನಡೆದ ಪ್ರಚಾರದ ಪಾಲು ಅದರಲ್ಲಿ ದೊಡ್ಡದು. ಇಂದು ಅನಾದಿಯೆಂಬಂತೆ ಕಾಣುವ ಈ ಆತಿಥ್ಯಕ್ಕೆ ನಾಲ್ಕೈದು ತಲೆಮಾರಿಗಿಂತ ಹೆಚ್ಚಿನ ವಯಸ್ಸಿಲ್ಲ. ಒಲ್ಲದವನು ಮುರಿಯುತ್ತಿರುವುದು ಸನಾತನ ಧರ್ಮವನ್ನೇನೂ ಅಲ್ಲವೆಂದು ಇಷ್ಟರಿಂದ ಹೇಳಬಹುದು. ಆದರೆ ಪದ್ಧತಿ ಹೊಸದೆಂಬ ಕಾರಣಕ್ಕೆ ಅದರ ಹಿಂದಿನ ಪ್ರೀತಿಯೂ ಹೊಸದೆನ್ನಲಾಗದು.

ರುಚಿ ಇರುವುದು ವಸ್ತುವಿನಲ್ಲೋ ಉಣ್ಣುವವನಲ್ಲೋ ಎಂಬುದಕ್ಕೆ ನ್ಯಾಯ-ವೈಶೇಷಿಕರ ಉತ್ತರ ಬಿಗಿಯಾಗಿದೆ. ಅನ್ನಂಭಟ್ಟನ ತರ್ಕಸಂಗ್ರಹದ ಪ್ರಕಾರ ರಸವೆಂದರೆ ನಾಲಿಗೆ ಗ್ರಹಿಸುವ ಗುಣ. ಸಿಹಿ, ಹುಳಿ, ಉಪ್ಪು, ಖಾರ, ಒಗರು, ಕಹಿ ಎಂದು ಅದು ಆರು ಬಗೆ; ಅದರ ನೆಲೆ ಪೃಥ್ವಿ ಮತ್ತು ಜಲ. ಇಚ್ಛೆ ಮತ್ತು ದ್ವೇಷಗಳಾದರೋ ಆತ್ಮದ ಗುಣಗಳು. ಇದನ್ನು ಚಹಾಕ್ಕೆ ಅನ್ವಯಿಸಿದರೆ ಒಗರು ಲೋಟದಲ್ಲಿದೆ, ಬೇಡವೆನ್ನಿಸುವುದು ಕುಡಿಯುವವನಲ್ಲಿದೆ. ‘ಚಹಾ ಎಂಬುದೇ ಕೆಟ್ಟದ್ದು’ ಎನ್ನುವವನು ತನ್ನೊಳಗಿನ ದ್ವೇಷವನ್ನು ಲೋಟಕ್ಕೆ ಸುರಿಯುತ್ತಾನೆ. ‘ನಿನಗ ರುಚಿನ ಗೊತ್ತಿಲ್ಲ ಬಿಡಪ್ಪ’ ಎನ್ನುವವನು ತನ್ನ ಇಚ್ಛೆಯನ್ನು ಎಲ್ಲರ ನಾಲಿಗೆಗೂ ಹಚ್ಚುತ್ತಾನೆ. ಇಬ್ಬರದೂ ಒಂದೇ ತಪ್ಪು. ಜರ್ಮನಿಯ ಕಾಂಟ್ 1790ರಲ್ಲಿ ಬೇರೆ ದಾರಿಯಿಂದ ಬಂದು ಇದೇ ಕಡೆ ನಿಂತ: ಸೌಂದರ್ಯದ ವಿಷಯದಲ್ಲಿ ಉಳಿದವರೂ ಒಪ್ಪಬೇಕೆಂದು ಬಯಸಬಹುದು, ನಾಲಿಗೆಗೆ ಹಿತವಾದುದರ ವಿಷಯದಲ್ಲಿ ಆ ಹಕ್ಕು ಯಾರಿಗೂ ಇಲ್ಲ.

ವಿಜ್ಞಾನ ಇದಕ್ಕೊಂದು ತಿದ್ದುಪಡಿ ತಂದಿದೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಒಂದು ಪುಡಿ ಗಾಳಿಗೆ ಹಾರಿದಾಗ ಪಕ್ಕದವನಿಗೆ ಬಾಯಿ ಕಹಿಯಾಯಿತು, ಫಾಕ್ಸ್‌ಗೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ನಡೆದ ಶೋಧಗಳು ಕಹಿಯನ್ನು ಗುರುತಿಸುವ ಶಕ್ತಿ ವಂಶವಾಹಿಗಳ ಮೂಲಕ ಬರುತ್ತದೆಂದು ತೋರಿಸಿದವು. ಒಂದೇ ಲೋಟದ ಕಹಿ ಎಲ್ಲರಿಗೂ ಒಂದೇ ಅಲ್ಲ. ಹಾಗಂತ ಕಹಿ ಹೆಚ್ಚು ಗೊತ್ತಾದವರೆಲ್ಲ ದೂರ ಸರಿಯುತ್ತಾರೆಂದೂ ಅಲ್ಲ. ಕೆಫೀನಿನ ಕಹಿಯನ್ನು ಚುರುಕಾಗಿ ಗುರುತಿಸುವವರೇ ಕಾಫಿಯನ್ನು ಹೆಚ್ಚು ಕುಡಿಯುತ್ತಾರೆಂದು 2018ರ ಒಂದು ದೊಡ್ಡ ಅಧ್ಯಯನ ಕಂಡುಕೊಂಡಿತು. ಹುಟ್ಟು ಅರ್ಧ ದಾರಿಗೆ ತಂದು ಬಿಡುತ್ತದೆ, ಉಳಿದರ್ಧ ಅಭ್ಯಾಸದ್ದು. ಯಾರೂ ಆಯ್ದುಕೊಳ್ಳದ ಸಂಗತಿಗೆ ಯಾರನ್ನೂ ದೂರಲಾಗದು; ಅದೇ ಕಾರಣಕ್ಕೆ ಹೊಗಳಲೂ ಆಗದು.

ಹೊಗಳಿಕೆಯ ವಿಷಯ ಬಂದದ್ದೇಕೆಂದರೆ, ಚಹಾ ಮುಟ್ಟದವರನ್ನು ಈ ಭಾಗದಲ್ಲಿ ಒಂದು ಬಗೆಯ ವೈರಾಗ್ಯಶಾಲಿಗಳಂತೆ ಕಾಣುವುದುಂಟು. ‘ಏನೂ ಚಟಾ ಇಲ್ಲ, ಚಾ ಸುದ್ದಾ ಕುಡಿಯೂದಿಲ್ಲ’ ಎಂಬುದು ವರನ ಗುಣಪಟ್ಟಿಯಲ್ಲಿ ಸೇರುವ ಮಾತು. ಶಾಸ್ತ್ರಗಳು ಇಷ್ಟು ಸುಲಭವಾಗಿ ಅಂಕ ಕೊಡುವುದಿಲ್ಲ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ-ಬೆಲ್ಲ, ಉಪ್ಪು ಇವುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಡುವುದು. ಆಸೆ ಇದ್ದಲ್ಲಿ ಮಾತ್ರ ಬಿಡುವುದಕ್ಕೆ ಅರ್ಥ. ಹುಟ್ಟಿನಿಂದ ತುಪ್ಪ ಸೇರದವನು ತುಪ್ಪ ಬಿಟ್ಟರೆ ಅದು ತಪಸ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಏಕಾದಶಿ ಅಥವಾ ಶಿವರಾತ್ರಿಯ ಉಪವಾಸದಲ್ಲಿ ಅನ್ನ ಬಿಟ್ಟೂ ಚಹಾ ಬಿಡಲಾಗದೆ ‘ಚಾ ನಡೀತದ’ ಎಂದು ತಾವೇ ವಿನಾಯಿತಿ ಕೊಟ್ಟುಕೊಂಡವರು ಬಹಳ. ಅವರ ಪಕ್ಕದಲ್ಲಿ ಚಹಾ ಸೇರದವನು ಏನೂ ಕಷ್ಟಪಡದೆ ಕಡುನಿಷ್ಠನಂತೆ ಕಾಣುತ್ತಾನೆ. ಆದರೆ ತಲೆ ಸಿಡಿಯುತ್ತಿದ್ದರೂ ಬೆಳಗಿನ ಒಂದು ಕಪ್ಪನ್ನು ತಡೆದವಳ ವ್ರತವೇ ಅವನದಕ್ಕಿಂತ ತೂಕದ್ದು.

ಭಗವದ್ಗೀತೆಯ ಮೂರನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿಯೊಂದು ಇಂದ್ರಿಯಕ್ಕೂ ಅದರ ವಿಷಯದಲ್ಲಿ ರಾಗ ಇರುವಂತೆ ದ್ವೇಷವೂ ನೆಲೆಸಿದೆ, ಎರಡಕ್ಕೂ ವಶನಾಗಬಾರದು ಎನ್ನುತ್ತದೆ. ಈ ಲೆಕ್ಕದಲ್ಲಿ ಚಹಾ ಬೇಕೇ ಬೇಕೆನ್ನುವವನೂ, ಅದರ ವಾಸನೆಗೇ ಮೂಗು ಮುರಿಯುವವನೂ ಒಂದೇ ಗೂಟಕ್ಕೆ ಕಟ್ಟಿಸಿಕೊಂಡವರು. ಸುಖದ ಕಡೆ ಮನಸ್ಸೇ ಹರಿಯದವನನ್ನು ಅರಿಸ್ಟಾಟಲ್ ಕೂಡ ಸಂಯಮಿ ಎಂದು ಕರೆಯಲಿಲ್ಲ. ಅಂಥವರು ಅಪರೂಪ, ಅವರಿಗೊಂದು ಹೆಸರೂ ಇಲ್ಲವೆಂದು ಹೇಳಿ ಬದಿಗಿಟ್ಟ.

ತ್ಯಾಗದ ‘ಒಲ್ಲೆ’ ಹೇಗಿರುತ್ತದೆಂಬುದಕ್ಕೆ ಈ ನೆಲದಲ್ಲೇ ನಿದರ್ಶನವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ್ದು ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ. ಅವರು ತೊಡುತ್ತಿದ್ದ ಬಿಳಿ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ, ಸನ್ಯಾಸಿಯಾದ ತಮಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ಪ್ರಧಾನಿಗೆ ವಿನಯದಿಂದ ಬರೆದು ಅದನ್ನು ಸ್ವೀಕರಿಸಲಿಲ್ಲ. ಪ್ರಶಸ್ತಿಯನ್ನು ಹಳಿಯಲಿಲ್ಲ, ಕೊಟ್ಟವರನ್ನೂ ಹಳಿಯಲಿಲ್ಲ, ಪಡೆದವರನ್ನು ಕೀಳಾಗಿ ಕಾಣಲಿಲ್ಲ. ನಾಲಿಗೆಯ ಅರುಚಿಗೆ ಈ ಎತ್ತರವಿಲ್ಲ, ನಿಜ. ಆದರೆ ಒಲ್ಲೆನೆನ್ನುವ ರೀತಿಯನ್ನು ಅದೂ ಇಲ್ಲಿಂದ ಕಲಿಯಬಹುದು.

ಒಲ್ಲದವನು ಎಡವುವುದು ಹೆಚ್ಚಾಗಿ ಆ ರೀತಿಯಲ್ಲೇ. ತನಗೆ ಸೇರದ್ದನ್ನು ಎಲ್ಲರಿಗೂ ನಿಷಿದ್ಧವೆಂದು ಸಾರುವ ಆಸೆ ಬಲವಾದದ್ದು. ಯೆಮನ್ನಿನ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ಕಾಫಿಯನ್ನು 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಪಂಡಿತರ ಸಭೆ ಕರೆದು ನಿಷೇಧಿಸಿದ. ಕೈರೋದ ಸುಲ್ತಾನನ ಕಡೆಯಿಂದ ಆ ಕಟ್ಟಳೆ ಸಡಿಲವಾಯಿತು. ಅಮೆರಿಕದ ಮಾರ್ಮನ್ ಪಂಥದವರು 1833ರ ತಮ್ಮ ಧರ್ಮೋಪದೇಶದಲ್ಲಿ ಬರುವ ಬಿಸಿ ಪಾನೀಯವೆಂದರೆ ಚಹಾ, ಕಾಫಿ ಎಂದೇ ಅರ್ಥ ಮಾಡಿ ಇಂದಿಗೂ ದೂರವಿದ್ದಾರೆ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಗಾಂಧೀಜಿ ಆರೋಗ್ಯದ ಬಗ್ಗೆ ಬರೆಯುತ್ತ, ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲವೆಂದರು. ಆದರೆ ಅವರ ಅಸ್ವಾದ ವ್ರತದಲ್ಲಿ ಗೆಲ್ಲಬೇಕಾದದ್ದು ನಾಲಿಗೆಯ ಹಟ. ಅದು ‘ಬೇಕು’ ಎಂಬ ಹಟಕ್ಕೂ ‘ಬೇಡ’ ಎಂಬ ಹಟಕ್ಕೂ ಸಲ್ಲುವ ವ್ರತ.

ವಿಜಯಪುರಕ್ಕೆ ಸೇರಿದ ಒಂದು ಹಳೆಯ ಪ್ರಸಂಗ ಇವೆಲ್ಲಕ್ಕಿಂತ ರುಚಿಕರ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದು, ಅದುವರೆಗೆ ತಾನು ಕಾಣದಿದ್ದ ತಂಬಾಕನ್ನು ಇಲ್ಲಿ ಕಂಡು, ಚೆಂದದ ಕೊಳವೆಯೊಂದಿಗೆ ಬಾದಶಹನಿಗೆ ಒಯ್ದ. ಅಕ್ಬರ್ ಒಂದೆರಡು ಸಲ ಎಳೆದ. ವೈದ್ಯ ತಡೆದ. ಅಪರಿಚಿತವೆಂಬ ಒಂದೇ ಕಾರಣಕ್ಕೆ ತಳ್ಳಬಾರದು, ಈಗಿರುವ ಪದ್ಧತಿಗಳೆಲ್ಲ ಒಮ್ಮೆ ಹೊಸವೇ ಆಗಿದ್ದವು ಎಂದು ಅಸದ್ ಬೇಗ್ ವಾದಿಸಿದ. ಬಾದಶಹ ವಾದವನ್ನು ಮೆಚ್ಚಿಕೊಂಡ, ತಾನು ಮಾತ್ರ ಮತ್ತೆ ಸೇದಲಿಲ್ಲ. ದರಬಾರಿನ ಉಳಿದವರು ಸೇದಿದರು. ತಂಬಾಕು ತಂದಿಟ್ಟ ಕೇಡು ಬೇರೆಯೇ ಮಾತು. ತನಗೆ ಬೇಡವಾದುದನ್ನು ಸುತ್ತಲಿನವರಿಗೆ ಬಿಟ್ಟುಕೊಟ್ಟ ಈ ನಡೆ ಮಾತ್ರ ಸುಲಭದ್ದಲ್ಲ, ಅದರಲ್ಲೂ ಬಾದಶಹನಿಗೆ.

ಅರುಚಿಗೂ ನಿಷೇಧಕ್ಕೂ ನಡುವಿನ ಈ ಗೆರೆಯನ್ನು ಧರ್ಮಗಳು ಬೇಗನೆ ಗುರುತಿಸಿದ್ದವು. ಅನ್ನವನ್ನು ನಿಂದಿಸಬಾರದೆಂಬುದು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಬರುವ ವ್ರತ. ಪ್ರವಾದಿ ಮುಹಮ್ಮದರು ಊಟಕ್ಕೆ ಎಂದೂ ಹೆಸರಿಡಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂದು ಹದೀಸುಗಳು ಹೇಳುತ್ತವೆ. ಒಮ್ಮೆ ಅವರ ಮುಂದೆ ಮರುಭೂಮಿಯ ಉಡದ ಮಾಂಸ ಬಂದಾಗ ಕೈ ಹಿಂದಕ್ಕೆ ತೆಗೆದರು. ನಿಷಿದ್ಧವೇ ಎಂದು ಕೇಳಿದ್ದಕ್ಕೆ ಇಲ್ಲವೆಂದರು; ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ್ದರಿಂದ ಮನಸ್ಸು ಒಗ್ಗುತ್ತಿಲ್ಲವೆಂದರು. ಸಂಗಡಿಗರಾದ ಖಾಲಿದ್ ಪ್ರವಾದಿಯವರ ಎದುರಿಗೇ ಅದನ್ನು ತಿಂದರು. ಇಷ್ಟವಿಲ್ಲದಿರುವುದಕ್ಕೆ ಇದಕ್ಕಿಂತ ಸರಳವಾದ ಧರ್ಮಸಮ್ಮತಿ ಬೇರೆ ಸಿಗಲಿಕ್ಕಿಲ್ಲ.

ಇಷ್ಟಾದರೂ ಕೊಟ್ಟವರ ಪ್ರಶ್ನೆ ಉಳಿಯುತ್ತದೆ. ಬಸವಣ್ಣ ಹುಟ್ಟಿದ ಈ ಜಿಲ್ಲೆಯಲ್ಲಿ ಅದನ್ನು ಪ್ರಸಾದತತ್ತ್ವದ ಮೂಲಕ ನೋಡುವುದೇ ಸಹಜ. ಪ್ರಸಾದವು ಲಿಂಗಾಯತರ ಅಷ್ಟಾವರಣಗಳಲ್ಲಿ ಒಂದು. ಲಿಂಗಕ್ಕೆ ಅರ್ಪಿತವಾದ ಪದಾರ್ಥ ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಷಟ್‌ಸ್ಥಲದ ವಿವರಣೆಯಲ್ಲಿ ನಾಲಿಗೆಗೆ ಗುರುಲಿಂಗದ ಸಂಬಂಧ ಹೇಳಿ, ಉಂಡ ರುಚಿಯನ್ನೂ ಅಲ್ಲಿಗೇ ಅರ್ಪಿಸಬೇಕೆನ್ನುತ್ತಾರೆ. ಹಾಗಾದರೆ ಪ್ರಸಾದಿಗೆ ‘ಇದು ಸೇರದು’ ಎನ್ನುವ ಹಕ್ಕಿಲ್ಲವೆಂದು ಒಬ್ಬರು ವಾದಿಸಬಹುದು. ಮನಸ್ಸು ಮುದುಡಿ ತೆಗೆದುಕೊಂಡದ್ದು ಅರ್ಪಿತವೇ ಆಗಲಿಲ್ಲವೆಂದು ಇನ್ನೊಬ್ಬರು ವಾದಿಸಬಹುದು. ಎರಡನೆಯ ವಾದಕ್ಕೆ ಬಲ ಹೆಚ್ಚು, ಏಕೆಂದರೆ ಪ್ರಸಾದವಾಗುವುದು ಭಾವದಿಂದ. ಅದಕ್ಕೆ ಇಂಥದೇ ಪದಾರ್ಥವೆಂಬ ಕಟ್ಟಿಲ್ಲ. ಲೋಟದಲ್ಲಿ ಚಹಾ ಇದ್ದರೂ ನೀರು ಇದ್ದರೂ ಕೊಡುವ ಕೈ ಅದೇ.

ಆದರೆ ಬರೀ ನೀರನ್ನೂ ಮುಟ್ಟದೆ ಏಳುವುದಕ್ಕೆ ಈ ಸಮಾಜದಲ್ಲಿ ಬೇರೊಂದು ಇತಿಹಾಸವಿದೆ. ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಕರ್ನಾಟಕದ ಚಹಾದಂಗಡಿಗಳಲ್ಲಿ ನಡೆದದ್ದು ದಾಖಲಾಗಿರುವ ಸತ್ಯ. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 15ನೆಯ ವಿಧಿಯಲ್ಲಿ ಬರೆಯಬೇಕಾಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ಮನೆಯೊಳಗಿನ ಲೋಟವನ್ನು ಕಾಯ್ದೆ ಮುಟ್ಟಲಾರದು. ದಲಿತ ಕೇರಿಯ ಮನೆಯಲ್ಲಿ ಮೇಲ್ಜಾತಿಯ ಅತಿಥಿ ‘ಚಾ ಬ್ಯಾಡ’ ಎಂದರೆ ಅದು ಅವನ ನಾಲಿಗೆಯ ಮಾತೆಂದು ಆ ಮನೆಯವರು ನಂಬಬೇಕಾದ ಕಾರಣವೇನಿದೆ? ಶರಣರ ಚರಿತ್ರೆಗಳಲ್ಲಿ ಬಸವಣ್ಣ ಅಸ್ಪೃಶ್ಯನೆನಿಸಿದ್ದ ಶಿವನಾಗಿಮಯ್ಯನ ಮನೆಯಲ್ಲಿ ಉಂಡದ್ದು ದೊರೆ ಬಿಜ್ಜಳನ ಸಭೆಯವರೆಗೆ ದೂರಾಗಿ ಹೋಯಿತು. ಒಟ್ಟಿಗೆ ಉಣ್ಣುವುದೇ ಹೇಳಿಕೆಯಾಗುವ ನಾಡಿನಲ್ಲಿ ಉಣ್ಣದಿರುವುದೂ ಹೇಳಿಕೆಯೇ. ಚಹಾ ಸೇರದವನ ಮೇಲೆ ಇಲ್ಲಿ ಉಳಿದವರಿಗಿಲ್ಲದ ಒಂದು ಹೊಣೆ ಬೀಳುತ್ತದೆ. ತನ್ನ ಅರುಚಿ ಜಾತಿಯ ಮರೆಯಲ್ಲವೆಂದು ಬಾಯಿಯಿಂದ ಹೇಳಿದರೆ ಸಾಲದು. ಅದೇ ಮನೆಯ ನೀರು ಕುಡಿದು, ಅದೇ ಮನೆಯ ರೊಟ್ಟಿ ಮುರಿದು ತೋರಿಸಬೇಕು. ಸರಕಾರಿ ಕಚೇರಿಯ ‘ಚಾ-ಪಾಣಿ’ಯನ್ನು ಒಲ್ಲೆನೆನ್ನುವವನಿಗೆ ಈ ಕಟ್ಟು ಅನ್ವಯಿಸುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕೊಡುವವರಿಗೂ ಒಂದು ಕಟ್ಟಿದೆ. ‘ಬ್ಯಾಡ ಅನಬ್ಯಾಡ್ರಿ, ಅರ್ಧಾ ಕಪ್ಪರೆ ತಗೋರಿ’ ಎಂದು ಮೂರು ಸಲ ಹೇಳುವುದು ಇಲ್ಲಿಯ ಉಪಚಾರದ ಕ್ರಮ. ಮೊದಲ ‘ಬ್ಯಾಡ’ ಬರೀ ಸಂಕೋಚವೆಂದು ಎಲ್ಲರೂ ತಿಳಿಯುತ್ತಾರೆ, ಬಹುಪಾಲು ಅದು ಸರಿಯೂ ಇರುತ್ತದೆ. ಮೂರನೆಯ ‘ಬ್ಯಾಡ’ದ ಮೇಲೂ ಒತ್ತಾಯ ನಿಲ್ಲದಿದ್ದರೆ ಅಲ್ಲಿ ಅತಿಥಿಯ ಸುಖ ಮರೆತುಹೋಗಿ ಯಜಮಾನನ ಮಾನವೊಂದೇ ಉಳಿದಿರುತ್ತದೆ. ಅದನ್ನು ಆತಿಥ್ಯವೆನ್ನಲಾಗದು.

ಚಹಾ ಬರುವ ಮೊದಲು ಉತ್ತರ ಕರ್ನಾಟಕದ ಮನೆಗಳಲ್ಲಿ ಬಂದವರ ಮುಂದೆ ಇಡುತ್ತಿದ್ದದ್ದು ಬೆಲ್ಲ ಮತ್ತು ಒಂದು ತಂಬಿಗೆ ನೀರು. ಬಿಸಿಲಲ್ಲಿ ನಡೆದು ಬಂದವನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದ ಮೇಲೆಯೇ ಮಾತು ಶುರುವಾಗುತ್ತಿತ್ತು. ಆ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ.