ನೇಗಿಲಿನ ಹಿಂಸೆ ಮತ್ತು ಹತ್ತಿಯ ಹೊಲ

ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮವನ್ನು ಬೋಧಿಸುವಾಗ, ಕೃಷಿಯನ್ನು ಸಾಧುವೃತ್ತಿಯೆಂದು ಲೋಕವು ಬಗೆಯುವುದಾದರೂ ಉಳುವವರು ನೆಲದೊಳಗಿನ ಅಸಂಖ್ಯ ಪ್ರಾಣಿಗಳನ್ನು ಕೊಲ್ಲುತ್ತಾರೆಂಬುದನ್ನು ಎತ್ತಿ ತೋರುತ್ತಾನೆ. ಅಶ್ವಘೋಷನ ಬುದ್ಧಚರಿತದಲ್ಲಿಯೂ ಉತ್ತ ಸಾಲಿನಲ್ಲಿ ಸತ್ತು ಬಿದ್ದ ಹುಳುಗಳನ್ನು ಕಂಡ ಮೇಲೆಯೇ ಸಿದ್ಧಾರ್ಥನ ಮನಸ್ಸು ಮೊದಲ ಧ್ಯಾನದತ್ತ ತಿರುಗುತ್ತದೆ. ಉಣ್ಣುವ ಅನ್ನಕ್ಕೂ ಉಡುವ ಬಟ್ಟೆಗೂ ನೇಗಿಲೇ ಮೂಲವಾಗಿರಲು ಗೃಹಸ್ಥನಿಗೆ ಅಹಿಂಸೆ ಸಾಧ್ಯವೆ ಎಂಬ ಈ ಪುರಾತನ ಪ್ರಶ್ನೆಯನ್ನು, ಉಳುಮೆಯನ್ನೇ ಕಡಿಮೆ ಮಾಡಿದ ಹತ್ತಿಯ ಹೊಲದ ಮುಂದಿಟ್ಟು ನೋಡಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಜಾರ್ಜಿಯಾ ಸೀಮೆಯಲ್ಲಿ ಕೆಲವು ರೈತರು ಶರತ್ಕಾಲದಲ್ಲಿ ಕ್ರಿಮ್ಸನ್ ಕ್ಲೋವರನ್ನೋ ರೈ ಧಾನ್ಯವನ್ನೋ ಹೊದಿಕೆ ಬೆಳೆಯಾಗಿ ಬಿತ್ತಿ, ಚಳಿಗಾಲವೆಲ್ಲ ನೆಲವನ್ನು ಹಸುರಿನಲ್ಲಿಟ್ಟು, ವಸಂತ ಬಂದಾಗ ಹೊಲವನ್ನೆಲ್ಲ ಉಳದೆ ಬೀಜ ಬೀಳುವ ಪಟ್ಟಿಯನ್ನಷ್ಟೇ ಸಡಿಲಿಸಿ ಹತ್ತಿಯನ್ನು ಊರುತ್ತಾರೆ. ಕ್ಲೋವರಿನ ಕಡುಗೆಂಪು ಹೂಗೊಂಚಲುಗಳಿಗೆ ಸಸ್ಯಹೇನುಗಳೂ ನುಸಿಗಳೂ ಬರುತ್ತವೆ, ಅವುಗಳನ್ನು ತಿನ್ನಲು ಗುಲಗಂಜಿ ಹುಳುಗಳು ಬರುತ್ತವೆ. ಹತ್ತಿಯ ಸಸಿಯು ಇನ್ನೂ ಎಳೆಯದಾಗಿರುವಾಗಲೇ ಅದರ ರಕ್ಷಕರು ಪಕ್ಕದಲ್ಲಿ ಬೀಡುಬಿಟ್ಟಿರುತ್ತಾರೆ. ಕೆದಕದೆ ಬಿಟ್ಟ ನೆಲದ ಒಣಹುಲ್ಲಿನಡಿಯಲ್ಲಿ ಜೇಡಗಳೂ ಜೀರುಂಡೆಗಳೂ ಮನೆಮಾಡುತ್ತವೆ. ಸುಮಾರು 4 ಮಿಲಿಮೀಟರ್ ಉದ್ದದ, ತಲೆಯ ಇಕ್ಕೆಲಗಳಲ್ಲಿ ಕಣ್ಣುಗಳು ಉಬ್ಬಿ ನಿಂತ ತಿಗಣೆಯೊಂದು ಕಾಯಿಕೊರಕ ಹುಳುವಿನ ಮೊಟ್ಟೆಗೆ ಸೂಜಿಯಂತಹ ಮೂತಿಯನ್ನು ಚುಚ್ಚಿ, ರಸವನ್ನು ಹೀರಿ, ಬರಿಯ ಚಿಪ್ಪನ್ನು ಎಲೆಯ ಮೇಲೆ ಬಿಟ್ಟು ಮುಂದೆ ಸಾಗುತ್ತದೆ.

ಹಾಗಾದರೆ ಹಿಂಸೆ ನಿಂತಿತೆ? ನಿಲ್ಲಲಿಲ್ಲ, ಮನುಷ್ಯನ ಕೈಯಿಂದ ಕೀಟದ ಮೂತಿಗೆ ಹೋಯಿತು. ಜೀವವು ಜೀವವನ್ನು ತಿಂದೇ ಬದುಕುತ್ತದೆಂದು ಧರ್ಮವ್ಯಾಧನೂ ಹೇಳಿದ್ದಾನೆ. ಆದರೂ ಇವೆರಡನ್ನು ಸಮವೆಂದು ಎಣಿಸಲು ನನ್ನ ಮನಸ್ಸು ಒಪ್ಪದು. ತಿಗಣೆಯದು ಹಸಿವಿನ ಕೊಲೆ. ನೇಗಿಲಿನ ಗುಳವಾಗಲಿ ಕೀಟನಾಶಕದ ತುಂತುರಾಗಲಿ ಯಾರ ಹಸಿವನ್ನೂ ಅರಿಯದೆ, ಕಾಯಿಕೊರಕವನ್ನೂ ಅದನ್ನು ತಿನ್ನುವ ಜೀವಿಯನ್ನೂ ಒಟ್ಟಿಗೆ ನಾಶಮಾಡುತ್ತದೆ. ಜೈನಾಚಾರ್ಯರು ಗೃಹಸ್ಥನಿಗೆ ಸಂಕಲ್ಪಪೂರ್ವಕವಾದ ಹಿಂಸೆಯನ್ನು ನಿಷೇಧಿಸಿ, ಉದ್ಯೋಗದಲ್ಲಿ ಅನಿವಾರ್ಯವಾದುದನ್ನು ಎಚ್ಚರದಿಂದ ಮಿತಗೊಳಿಸೆಂದು ವಿಧಿಸಿದುದರಲ್ಲಿ ಎಷ್ಟು ವಿವೇಕವಿದೆಯೆಂಬುದು, ನೇಗಿಲನ್ನು ತಡೆದು ನಿಲ್ಲಿಸಿದ ರೈತನನ್ನು ನೆನೆದಾಗ ನನಗೆ ಮನವರಿಕೆಯಾಗುತ್ತದೆ.

ಆದರೆ ಹತ್ತಿಗೆ ಎಡೆಮಾಡಲು ಆ ಕ್ಲೋವರೂ ಸಾಯಬೇಕು; ಬಹುಮಟ್ಟಿಗೆ ಕಳೆನಾಶಕವೇ ಅದನ್ನು ಕೊಲ್ಲುತ್ತದೆ. ಹತ್ತಿಯ ಸಾಲಿನ ಪಟ್ಟಿಯನ್ನು ಮಾತ್ರ ಒಣಗಿಸಿ, ನಡುವಿನ ಹಸುರನ್ನು ಬೀಜವಾಗುವವರೆಗೆ ಉಳಿಸುವವರೂ ಇದ್ದಾರೆ. ಗುಲಗಂಜಿ ಹುಳುಗಳು ಅಲ್ಲಿಂದಲೇ ಹತ್ತಿಗೆ ದಾಟುತ್ತವೆ. ಇದೇ ಮೇಲಾದ ಮಾರ್ಗವೆಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ. ಆದರೂ ಸಸ್ಯವನ್ನು ಏಕೇಂದ್ರಿಯ ಜೀವವೆಂದು ಗಣಿಸುವ ಜೈನನೊಬ್ಬನು ಆ ಒಣಗಿದ ಪಟ್ಟಿಯನ್ನು ತೋರಿಸಿ ಕೇಳಿದರೆ, ಅವನಿಗೆ ಕೊಡತಕ್ಕ ಉತ್ತರವು ನನ್ನಲ್ಲಿಲ್ಲ.