ಕರಡಿಗೆ ಬಿಚ್ಚಿದ ಮೇಲೆ

ಕೊರಳಿನ ಲಿಂಗ ತೆಗೆದಿಟ್ಟರೆ ದೇವರು ದೂರಾಗುತ್ತಾನೆಯೇ? ನಮ್ಮ ಝಳಕಿಯ ಹಿರಿಯರನ್ನು ಕೇಳಿದರೆ ಗದರಿಸಿಯೇ ಬಿಡುತ್ತಾರೆ: ಅಂಗದಿಂದ ಲಿಂಗ ಅಗಲಬಾರದು. ಆದರೆ ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ವಾದಕ್ಕೆ ಅಷ್ಟು ಪುರುಸೊತ್ತಿಲ್ಲ.

ಸೊಲ್ಲಾಪುರದಲ್ಲಿ ನನ್ನ ಸೊಂಟದ ಸ್ಕ್ಯಾನಿಗೆ ಹೋದಾಗ ಅಲ್ಲಿಯ ಹುಡುಗ, "ಕಾಕಾ, ಮೈಮ್ಯಾಲಿಂದು ಎಲ್ಲಾ ತಗೀರಿ" ಅಂದ. ಗಡಿಯಾರ, ಉಡದಾರ ಸಲೀಸಾಗಿ ಬಂದವು. ಲಿಂಗವಿದ್ದ ಬೆಳ್ಳಿ ಕರಡಿಗೆಗೆ ಕೈ ಹೋದಾಗ ಬೆರಳು ನಡುಗಿದವು. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಖರೆ. ಆದರೆ ಕೊಂಡಿಯೊಳಗೆ ಯಾವ ಲೋಹವೋ ಬಲ್ಲವರಾರು? ಆ ಯಂತ್ರದ 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಲಾಕರಿನಲ್ಲಿ ಪರ್ಸಿನ ಪಕ್ಕ ಇಡಲು ಮನಸ್ಸಾಗದೆ ಹೆಂಡತಿಯ ಕೈಗೆ ಕೊಟ್ಟೆ. ಸರದಿಯಲ್ಲಿದ್ದ ಮುಸ್ಲಿಂ ಹೆಣ್ಣುಮಗಳೊಬ್ಬಳು ತಾಯತ ಬಿಚ್ಚಲು ನನ್ನಷ್ಟೇ ಹೊತ್ತು ತೆಗೆದುಕೊಂಡಳು.

ಒಳಗೆ ಕೊಳವೆ ಮೂಗಿಗೆ ತಾಗುವಷ್ಟು ಹತ್ತಿರ. ವಿದ್ಯುತ್ತು ಹರಿದಾಗೆಲ್ಲ ಸುರುಳಿಗಳು ಅದುರಿ ಧಡಧಡ ಸದ್ದು. ಕೈಯಲ್ಲಿ, ಹಿಂಡಿದರೆ ಹೊರಗಿನವರನ್ನು ಕರೆಯುವ ರಬ್ಬರ್ ಬುಗ್ಗೆ.

ಲಿಂಗ ಬಿಚ್ಚುವಾಗಿನ ಆ ಅಂಜಿಕೆ ಭಕ್ತಿಯ ಕೊರತೆಯೆಂದು ನನಗನಿಸುವುದಿಲ್ಲ. ಶರಣರು ಇಷ್ಟಲಿಂಗಕ್ಕೇ ನಿಲ್ಲದೆ ಒಳಗಿನ ಪ್ರಾಣಲಿಂಗ, ಭಾವಲಿಂಗ ಎಂದರು. ಬಸವ ಜಯಂತಿಯ ವೇದಿಕೆಯಲ್ಲಿ ಅದನ್ನು ಹೇಳುವುದು ಸುಲಭ (ನಾನೂ ಹೇಳಿದ್ದೇನೆ). ಆದರೆ ಒಳಗಿರುವುದೇ ಸಾಕಾಗಿದ್ದರೆ ಅಂಗೈಗೆ ಲಿಂಗ ಕೊಡುತ್ತಿದ್ದರೇ? ಮನುಷ್ಯನ ಕೈ ಏನನ್ನಾದರೂ ಹಿಡಿದೇ ನಂಬುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾದರೆ ನಾನು ಆ ಬುಗ್ಗೆಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದನ್ನು ಏನೆನ್ನಬೇಕು? ಮುಂದಿನ ಸಲ ಅಯ್ಯನವರು ಮನೆಗೆ ಬಂದಾಗ ಕೇಳಬೇಕು, ಬೈದರೂ ಚಿಂತೆಯಿಲ್ಲ.