ಪಕ್ಕದ ಮನೆ ಜಗಳಕ್ಕೆ ಅಶ್ಶೂರವನ್ನು ಕರೆದ ಅರಸ

ಎಲ್ಲರೂ ಬೈಬಲ್ ತೆಗೆಯಿರಿ, ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿಬಿಡಿ. ಯೆಶಾಯ 7ನೇ ಅಧ್ಯಾಯ. ಒಂದು ಬೆರಳನ್ನು 2 ಅರಸುಗಳು 16ರಲ್ಲಿ ಇಟ್ಟುಕೊಂಡಿರಿ. ಎರಡೂ ಕಡೆ ಇರೋದು ಒಂದೇ ಸಂಗತಿ.

ಈ ಅಧ್ಯಾಯದಲ್ಲಿ ನಮಗೆಲ್ಲ ಗೊತ್ತಿರೋದು 14ನೇ ವಚನ. ಇಮ್ಮಾನುವೇಲ್. ಡಿಸೆಂಬರ್ ಬಂದರೆ ಬ್ಯಾನರ್ ಮೇಲೆ, ಕೇಕ್ ಮೇಲೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಎಲ್ಲಾ ಕಡೆ ಇದೇ ಹೆಸರು. ಆದರೆ ಪ್ರವಾದಿ ಈ ಮಾತನ್ನು ಯಾರಿಗೆ ಹೇಳಿದ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗ್ತೀವಿ. ಹೇಳಿದ್ದು ಹೆದರಿಹೋಗಿದ್ದ ಒಬ್ಬ ಅರಸನಿಗೆ. ಪಕ್ಕದ ಎರಡು ದೇಶಗಳು ಅವನ ಮೇಲೆ ಯುದ್ಧಕ್ಕೆ ಬಂದಿದ್ದವು. ಅವನು ದೂರದ ಒಂದು ಮಹಾಶಕ್ತಿಯನ್ನು ಸಹಾಯಕ್ಕೆ ಕರೆಯಲು ಹೊರಟಿದ್ದ.

ಮೊದಲು ಆ ದೇಶಗಳನ್ನು ಸ್ವಲ್ಪ ನೋಡೋಣ. ನಿದ್ದೆ ಮಾಡಬೇಡಿ, ಇದು ಹಿಸ್ಟರಿ ಕ್ಲಾಸ್ ಅಲ್ಲ.

ಮೂರು ಸಣ್ಣ ದೇಶಗಳು. ಉತ್ತರದಲ್ಲಿ ಅರಾಮ್, ರಾಜಧಾನಿ ದಮಸ್ಕ. ನಡುವೆ ಇಸ್ರಾಯೇಲ್, ರಾಜಧಾನಿ ಸಮಾರ್ಯ. ದಕ್ಷಿಣದಲ್ಲಿ ಯೆಹೂದ, ರಾಜಧಾನಿ ಯೆರೂಸಲೇಮ್. ಇಸ್ರಾಯೇಲ್ ಮತ್ತು ಯೆಹೂದ ಅಣ್ಣತಮ್ಮಂದಿರು, ಒಂದೇ ದೇವರ ಜನ. ಅರಾಮಿಗೂ ಇಸ್ರಾಯೇಲಿಗೂ ತಲೆಮಾರುಗಳ ಹಗೆ. ಆದರೆ ಕ್ರಿ.ಪೂ. 853ರಲ್ಲಿ ಅಶ್ಶೂರದ ಅರಸ ಮೂರನೇ ಶಲ್ಮನೆಸೆರ ಪಶ್ಚಿಮಕ್ಕೆ ನುಗ್ಗಿದಾಗ, ದಮಸ್ಕದ ಅರಸನ ಜೊತೆ ನಿಂತು ಕರ್ಕರ್ ಎಂಬಲ್ಲಿ ಹೋರಾಡಿದವರಲ್ಲಿ ಒಬ್ಬ ಯಾರು ಗೊತ್ತಾ? ಇಸ್ರಾಯೇಲಿನ ಆಹಾಬ! ಬೈಬಲ್‌ನಲ್ಲಿ ಈ ಯುದ್ಧದ ಮಾತಿಲ್ಲ. ಅಶ್ಶೂರದವರೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ: ಆಹಾಬನ 2,000 ರಥ, 10,000 ಕಾಲಾಳು. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದೇ ಆಹಾಬ ಕೊನೆಗೆ ಸತ್ತದ್ದು ಯಾರ ಬಾಣಕ್ಕೆ? ಅರಾಮ್ಯರ ಬಾಣಕ್ಕೆ. ದೊಡ್ಡವನು ಬಾಗಿಲಿಗೆ ಬಂದಾಗ ಸ್ನೇಹ, ಅವನು ಆಚೆ ಹೋದ ಮೇಲೆ ಮತ್ತೆ ಜಗಳ.

ನೂರು ವರ್ಷ ಕಳೆಯಿತು. ಕ್ರಿ.ಪೂ. 745ರಲ್ಲಿ ತಿಗ್ಲತ್ಪಿಲೆಸೆರ ಅಶ್ಶೂರದ ಸಿಂಹಾಸನ ಹತ್ತಿದ. ಬೈಬಲ್ ಅವನನ್ನು ಪೂಲ ಅಂತಲೂ ಕರೆಯುತ್ತದೆ. ಮೊದಲಿನ ಅರಸರು ಬಹಳ ಸಲ ಬಂದು, ಕಪ್ಪ ಕಸಿದುಕೊಂಡು ಹೋಗ್ತಿದ್ದರು. ಇವನು ಹಾಗಲ್ಲ. ಎದುರು ತಿರುಗಿದ ದೇಶವನ್ನು ತನ್ನ ಪ್ರಾಂತ್ಯ ಮಾಡಿ, ತನ್ನ ಅಧಿಕಾರಿಯನ್ನು ಕೂರಿಸಿ, ಅಲ್ಲಿನ ಜನರನ್ನು ಕಿತ್ತು ಬೇರೆ ಕಡೆಗೆ ಸಾಗಿಸ್ತಿದ್ದ. ಇಸ್ರಾಯೇಲಿನ ಮೆನಹೇಮ ಅವನಿಗೆ 1,000 ತಲಾಂತು ಬೆಳ್ಳಿ ಕೊಟ್ಟು ತನ್ನ ಕುರ್ಚಿ ಉಳಿಸಿಕೊಂಡ. ಆ ಬೆಳ್ಳಿ ಎಲ್ಲಿಂದ ಬಂತು? ಅನುಕೂಲಸ್ಥರಿಂದ ತಲೆಗೆ 50 ಶೆಕೆಲ್ ವಸೂಲಿ. ಒಂದು ತಲಾಂತಿಗೆ 3,000 ಶೆಕೆಲ್ ಅಂದರೆ 60,000 ಮನೆಗಳ ಮೇಲೆ ಹೊರೆ. ಸ್ವಲ್ಪ ಕಾಲದಲ್ಲೇ ಮೆನಹೇಮನ ಮಗನನ್ನು ಕೊಂದು ಪೆಕಹ ಅರಸನಾದ. ದಮಸ್ಕದ ರೆಚೀನನ ಜೊತೆ ಕೈಜೋಡಿಸಿದ. ಹಳೇ ಹಗೆಯವರು ಮತ್ತೆ ಜೊತೆಯಾದರು.

ಇವರಿಬ್ಬರೂ ಯೆಹೂದದ ಮೇಲೆ ಯಾಕೆ ಬಂದರು? ತಮ್ಮ ಅಶ್ಶೂರ-ವಿರೋಧಿ ಕೂಟಕ್ಕೆ ಯೆಹೂದವನ್ನು ಬಲವಂತವಾಗಿ ಸೇರಿಸೋಕೆ ಅಂತ ಹೆಚ್ಚಿನ ಪಂಡಿತರು ಹೇಳುತ್ತಾರೆ. ಆಹಾಜನನ್ನು ಇಳಿಸಿ ಟಾಬೇಲನ ಮಗನನ್ನು ಅರಸನನ್ನಾಗಿ ಮಾಡೋದು ಅವರ ಪ್ಲಾನ್, 6ನೇ ವಚನದಲ್ಲಿದೆ. ನೋಡಿ, ದೊಡ್ಡವನ ಭಯದಲ್ಲಿ ಸಣ್ಣವರು ಇನ್ನೊಬ್ಬ ಸಣ್ಣವನ ಮನೆ ಮುರಿಯೋಕೆ ಹೊರಟರು. ತಪ್ಪು ಆಹಾಜನೊಬ್ಬನದೇ ಅಂತ ನಾನು ಹೇಳೋದಿಲ್ಲ.

ಆಹಾಜ ಅರಸನಾದಾಗ ಅವನ ವಯಸ್ಸು 20. ಇಲ್ಲಿ ಕೂತಿರೋ ಅರ್ಧ ಜನದ ವಯಸ್ಸು. ಕಾಡಿನ ಮರಗಳು ಗಾಳಿಗೆ ಅಲ್ಲಾಡೋ ಹಾಗೆ ಅವನ ಎದೆಯೂ ಜನರ ಎದೆಯೂ ನಡುಗಿತು ಅಂತ ವಾಕ್ಯ ಹೇಳುತ್ತದೆ. ಅವನು ಮೇಲಣ ಕೊಳದ ಕಾಲುವೆಯ ಹತ್ತಿರ, ಅಗಸರ ಹೊಲದ ದಾರಿಯಲ್ಲಿ ನಿಂತಿದ್ದ. ಬಹುಶಃ ಮುತ್ತಿಗೆ ಬಿದ್ದರೆ ನೀರು ಸಾಕಾಗತ್ತಾ ಅಂತ ನೋಡ್ತಿದ್ದನೇನೋ. ಈ ಜಾಗ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಯೆಶಾಯ ತನ್ನ ಮಗನನ್ನು ಕರಕೊಂಡು ಅಲ್ಲಿಗೇ ಹೋದ. ಸುಮ್ಮನಿರು, ಹೆದರಬೇಡ, ಅವರಿಬ್ಬರೂ ಉರಿದು ಮುಗಿದು ಹೊಗೆಯಾಡ್ತಿರೋ ಕೊಳ್ಳಿಗಳು ಅಂದ. ಬೇಕಾದರೆ ಒಂದು ಗುರುತು ಕೇಳು ಅಂತಲೂ ಕರ್ತನು ಹೇಳಿದನು. ಆಹಾಜ ಏನಂದ? ನಾನು ಯೆಹೋವನನ್ನು ಪರೀಕ್ಷಿಸೋದಿಲ್ಲ ಅಂದ. ಕೇಳೋಕೆ ಎಂಥಾ ಭಕ್ತಿ! ನನ್ನನ್ನು ಕೇಳಿದರೆ, ಅಶ್ಶೂರಕ್ಕೆ ಪತ್ರ ಆಗಲೇ ರೆಡಿಯಾಗಿತ್ತು. ತೀರ್ಮಾನ ಮಾಡಿ ಮುಗಿಸಿದವನು "ಪ್ರಾರ್ಥನೆ ಮಾಡ್ತಿದ್ದೀನಿ ಬ್ರದರ್" ಅನ್ನೋ ಹಾಗೆ.

ಇಮ್ಮಾನುವೇಲ್ ಅನ್ನೋ ಹೆಸರು ಬಂದದ್ದು ಇಲ್ಲಿ. ದೇವರು ನಮ್ಮ ಸಂಗಡ ಇದ್ದಾನೆ ಅಂತ ಅದರ ಅರ್ಥ. ಮತ್ತಾಯ 1ರಲ್ಲಿ ನಮ್ಮ ಯೇಸು ಸ್ವಾಮಿಯಲ್ಲಿ ಅದು ನೆರವೇರಿತು, ಹಲ್ಲೆಲೂಯ. ಆದರೆ ಆವತ್ತು ಆಹಾಜನಿಗೆ ಅದು ಬೇಡದ ಮಾತಾಗಿತ್ತು. ಅವನಿಗೆ ಬೇಕಾಗಿದ್ದದ್ದು ಸೈನ್ಯ.

ಈಗ 2 ಅರಸುಗಳು 16. ದೇವಾಲಯದ ಬೆಳ್ಳಿಬಂಗಾರ, ಅರಮನೆಯ ಖಜಾನೆ ಎಲ್ಲ ತೆಗೆದು ಅಶ್ಶೂರಕ್ಕೆ ಕಳಿಸಿದ. ನಾನು ನಿನ್ನ ದಾಸ, ನಿನ್ನ ಮಗ ಅಂತ ಹೇಳಿಕಳಿಸಿದ. ದಾವೀದನ ಮನೆತನದವನು ಮಗನಾಗಬೇಕಾದದ್ದು ಯಾರಿಗೆ? 2 ಸಮುವೇಲ 7 ಮನೆಗೆ ಹೋಗಿ ಓದಿ.

ಕೆಲಸ ಆಯಿತಾ? ಆಯಿತು. ಅದೇ ಇಲ್ಲಿ ಕಷ್ಟ. ಕ್ರಿ.ಪೂ. 732ಕ್ಕೆ ದಮಸ್ಕ ಬಿತ್ತು, ರೆಚೀನ ಸತ್ತ. ಇಸ್ರಾಯೇಲಿನ ಗಲಿಲಾಯ, ಗಿಲ್ಯಾದ್ ಹೋದವು, ಜನ ಸೆರೆಯಾದರು. ಪೆಕಹನನ್ನು ಅವನ ಜನರೇ ಕೊಂದರು. ಆಹಾಜ ದಮಸ್ಕಕ್ಕೆ ಹೋಗಿ ದೊಡ್ಡವನಿಗೆ ಮುಖ ತೋರಿಸಿ, ಅಲ್ಲಿ ಕಂಡ ಯಜ್ಞವೇದಿಯ ನಕ್ಷೆಯನ್ನು ಯಾಜಕ ಊರೀಯನಿಗೆ ಕಳಿಸಿದ. ಅರಸ ವಾಪಸ್ ಬರೋದರೊಳಗೆ ಹೊಸ ವೇದಿ ರೆಡಿ! ದೇವಾಲಯದ ದೊಡ್ಡ ನೀರಿನ ಪಾತ್ರೆಯನ್ನು ಹೊತ್ತಿದ್ದ ತಾಮ್ರದ ಎತ್ತುಗಳನ್ನೂ ಕಳಚಿಸಿದ. ಆರಾಧನೆಯ ಜಾಗ ಕೂಡ ಬದಲಾಯಿತು. ಅಶ್ಶೂರ ಅವನನ್ನು ಬಲಪಡಿಸಲಿಲ್ಲ, ಕುಗ್ಗಿಸಿತು ಅಂತ 2 ಪೂರ್ವಕಾಲವೃತ್ತಾಂತ 28:20 ಬರೆಯುತ್ತದೆ.

ಸುಮಾರು ಹತ್ತು ವರ್ಷಕ್ಕೆ ಸಮಾರ್ಯವೂ ಬಿತ್ತು. ಈಗ ಯೋಚಿಸಿ. ಮೊದಲು ಅಶ್ಶೂರದ ರಾಜಧಾನಿ ಯೆರೂಸಲೇಮಿನಿಂದ ಸುಮಾರು 900 ಕಿಲೋಮೀಟರ್ ದೂರ, ನಡುವೆ ಎರಡು ಗೋಡೆಗಳಿದ್ದವು: ಅರಾಮ್, ಇಸ್ರಾಯೇಲ್. ಜಗಳಗಂಟ ಗೋಡೆಗಳು, ಒಪ್ಪಿಕೊಳ್ಳೋಣ. ಆಹಾಜ ದುಡ್ಡು ಕೊಟ್ಟು ಆ ಗೋಡೆ ಕೆಡವಿಸಿದ. ಈಗ ಅಶ್ಶೂರದ ಪ್ರಾಂತ್ಯ ಬೇತೇಲಿನ ತನಕ ಬಂತು, ಯೆರೂಸಲೇಮಿಗೆ ಸುಮಾರು 17 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಕೆಂಗೇರಿ ದಾಟಿ ಸ್ವಲ್ಪ ಮುಂದೆ, ಅಷ್ಟೇ.

ಆಹಾಜ ಸತ್ತ. ಮಗ ಹಿಜ್ಕೀಯ ಬಂದ, ಕಪ್ಪ ನಿಲ್ಲಿಸಿದ. ಅವನ ಮಂತ್ರಿಗಳು ಇನ್ನೊಬ್ಬ ದೊಡ್ಡವನ ಕಡೆ, ಐಗುಪ್ತದ ಕಡೆ ಓಡಿದರು. ಯೆಶಾಯ 30, 31 ಅದಕ್ಕೇ ಬಯ್ಯುತ್ತದೆ. ಕ್ರಿ.ಪೂ. 701ರಲ್ಲಿ ಸನ್ಹೇರೀಬ ಬಂದು ಯೆಹೂದದ ಕೋಟೆಯುಳ್ಳ 46 ಊರುಗಳನ್ನು ಹಿಡಿದೆ ಅಂತ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಅವನ ಅಧಿಕಾರಿ ರಬ್ಷಾಕೆ ಯೆರೂಸಲೇಮಿಗೆ ಬಂದು ಕೂಗಾಡಿದ. ಎಲ್ಲಿ ನಿಂತು? ಯೆಶಾಯ 36:2 ತೆಗೆಯಿರಿ. ಜೋರಾಗಿ ಓದಿ. ಮೇಲಣ ಕೊಳದ ಕಾಲುವೆ, ಅಗಸರ ಹೊಲದ ದಾರಿ! ಪ್ರವಾದಿ ಹೆದರಬೇಡ ಅಂತ ಅಪ್ಪನಿಗೆ ಹೇಳಿದ್ದ ಅದೇ ಜಾಗದಲ್ಲಿ, ಅಪ್ಪ ಕರೆಸಿದ ಸಾಮ್ರಾಜ್ಯ ಮಗನ ಕಾಲದಲ್ಲಿ ಬಂದು ನಿಂತಿದೆ.

ಹಾಗಾದರೆ ಆಹಾಜನಿಗೆ ಬೇರೆ ದಾರಿ ಇತ್ತಾ? 2 ಪೂರ್ವಕಾಲವೃತ್ತಾಂತ 28ರ ನಡುವೆ ನಾವು ಹಾರಿಸಿಬಿಡೋ ಒಂದು ಘಟನೆ ಇದೆ. ಅದೇ ಯುದ್ಧದಲ್ಲಿ ಇಸ್ರಾಯೇಲಿನವರು ಯೆಹೂದದ 2,00,000 ಹೆಂಗಸರು ಮಕ್ಕಳನ್ನು ಸೆರೆ ಹಿಡಿದು ಸಮಾರ್ಯಕ್ಕೆ ತಂದರು. ಓದೇದ ಎಂಬ ಪ್ರವಾದಿ ಎದುರು ಹೋಗಿ, ಇವರು ನಿಮ್ಮ ಸಹೋದರರು, ಬಿಡಿ ಅಂದ. ಅಲ್ಲಿನ ನಾಲ್ಕು ಜನ ಹಿರಿಯರೂ ಅವನ ಜೊತೆ ನಿಂತರು. ಬಟ್ಟೆ ಇಲ್ಲದವರಿಗೆ ಬಟ್ಟೆ, ಕಾಲಿಗೆ ಕೆರ, ಊಟ, ಗಾಯಕ್ಕೆ ಎಣ್ಣೆ ಕೊಟ್ಟರು. ನಡೆಯಲಾರದವರನ್ನು ಕತ್ತೆ ಮೇಲೆ ಕೂರಿಸಿ ಯೆರಿಕೋವಿನ ತನಕ ಬಿಟ್ಟುಬಂದರು. ಶತ್ರು ದೇಶದಲ್ಲೂ ಮಾತಾಡಬಲ್ಲ ಜನ ಇದ್ದರು. ಮುಂದಿನ ವಚನದಲ್ಲೇ ಆಹಾಜ ಅಶ್ಶೂರಕ್ಕೆ ದೂತರನ್ನು ಕಳಿಸ್ತಾನೆ.

ಈಗ ನಮ್ಮ ವಿಷಯ. ಈ ಹಾಲ್ ಅನ್ನು ನಾವೂ ಇನ್ನೊಂದು ಫೆಲೋಶಿಪ್‌ನವರೂ ಹಂಚಿಕೊಂಡಿದ್ದೀವಿ. ಟೈಮಿಂಗ್, ಸೌಂಡ್, ಪಾರ್ಕಿಂಗ್ ಅಂತ ಆರು ತಿಂಗಳಿಂದ ಕಿರಿಕಿರಿ, ನಿಮಗೆ ಗೊತ್ತು. ಈಗ ಒಂದು ದೊಡ್ಡ ಮಿನಿಸ್ಟ್ರಿ ನಮ್ಮ ಬಾಡಿಗೆ ಪೂರ್ತಿ ಕಟ್ತೀವಿ, ಹೊಸ ಮಿಕ್ಸರ್ ಕೊಡ್ತೀವಿ, ಅವರ ಹೆಸರಿನ ಕೆಳಗೆ ಬನ್ನಿ ಅಂತ ಕೇಳಿದೆ. ಒಪ್ಪಿದರೆ ಆ ಫೆಲೋಶಿಪ್ ಇಲ್ಲಿಂದ ಹೋಗಬೇಕಾಗುತ್ತದೆ. ಯೂತ್‌ನಲ್ಲಿ ಕೆಲವರಿಗೆ ಇದು ಪ್ರಾರ್ಥನೆಯ ಉತ್ತರ ಅನಿಸಿದೆ. ದೊಡ್ಡ ಸಭೆಯ ಸಹಾಯ ಪಾಪ ಅಂತ ನಾನು ಹೇಳ್ತಿಲ್ಲ. ಆದರೆ ಆ ಸಹಾಯದ ಮೊದಲ ಫಲ ಪಕ್ಕದ ಸಹೋದರರು ಬೀದಿಗೆ ಬೀಳೋದು ಆದರೆ, ನನಗೆ ಊರೀಯನ ವೇದಿ ನೆನಪಾಗುತ್ತದೆ.

ಬುಧವಾರ ಕಮಿಟಿ ಕೂರುತ್ತದೆ. ಅದಕ್ಕೆ ಮುಂಚೆ, ನಾಳೆ ಸಂಜೆ 7ಕ್ಕೆ, ಆ ಫೆಲೋಶಿಪ್‌ನ ಪಾಸ್ಟರ್ ಅಣ್ಣನ ಮನೆಗೆ ನಾನು ಹೋಗ್ತಿದ್ದೀನಿ. ಜೊತೆಗೆ ಇಬ್ಬರು ಬೇಕು, ಅದರಲ್ಲೂ ಆ ಆಫರ್ ಒಪ್ಪೋಣ ಅಂದವರು ಬಂದರೆ ಒಳ್ಳೇದು. ಮೀಟಿಂಗ್ ಮುಗಿದ ಮೇಲೆ ಕೀಬೋರ್ಡ್ ಹತ್ತಿರ ಸಿಗಿ. ಈಗ ಎದ್ದು ನಿಲ್ಲೋಣ. ಅವರ ಸಭೆಯ ಕುಟುಂಬಗಳಿಗಾಗಿ ಪ್ರಾರ್ಥನೆ ಮಾಡೋಣ, ಹೆಸರು ಗೊತ್ತಿರೋರು ಹೆಸರು ಹಿಡಿದು ಪ್ರಾರ್ಥಿಸಿ.